ನೂರೆಂಬತ್ತು ದಿನ ಕಟ್ಟಿಕೊಳ್ಳದ ಜಾಲರಿ

ತ್ಸುಬಾಮೆ
24 ಅಕ್ಟೋಬರ್ 1996

ಫುಸಾ,

ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಡುಗೆಮನೆ ಗಬ್ಬು ನಾರುತ್ತಿದೆ. ನೀನು ಹೋಗಿ ಇವತ್ತಿಗೆ ಐದು ದಿನ. ಮೊದಲೆರಡು ದಿನ ಏನೂ ಇರಲಿಲ್ಲ. ಮೂರನೇ ದಿನ ಬಾಗಿಲು ತೆಗೆದರೆ ರಪ್ಪನೆ ಮೂಗಿಗೆ ಹೊಡೆಯಿತು. ಇಲಿ ಸತ್ತಿದೆಯೇನೋ ಅಂತ ಬೀರುವಿನ ಹಿಂದೆಲ್ಲ ಹುಡುಕಿದೆ. ಇಲಿಯಲ್ಲ, ಸಿಂಕು.

ರಬ್ಬರ್ ಮುಚ್ಚಳ ಎತ್ತಿದೆ. ಥೂ! ಬರೆಯುವುದಕ್ಕೂ ಅಸಹ್ಯ. ಸಿಂಕಿನ ತೂತಿಗೆ ಕೂರಿಸಲು ನನ್ನ ಕೈಯಾರೆ ಅಚ್ಚು ಕೊರೆದು ಮಾಡಿದ ಬಟ್ಟಲಿನಂಥ ಸ್ಟೀಲ್ ಜಾಲರಿ, ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದದ್ದು, ಬೂದು ಬಣ್ಣದ ಲೋಳೆಯಲ್ಲಿ ಮುಳುಗಿತ್ತು. ಊದಿಕೊಂಡ ಅನ್ನದ ಅಗುಳು, ಟೀ ಸೊಪ್ಪು, ಹೋಟೆಲಿನಿಂದ ತರಿಸಿದ ನೂಡಲ್ ಸಾರಿನ ಹಂದಿಕೊಬ್ಬು ಮೇಲೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಕಡ್ಡಿಯಿಂದ ಕೆದಕಿದೆ. ಒಂದು ಗುಳ್ಳೆ ಎದ್ದು ಒಡೆಯಿತು. ಅವತ್ತು ಊಟ ಮಾಡಲಿಲ್ಲ.

ಇದು ಹೇಗೆ ಆಯಿತು? ಏಪ್ರಿಲ್‌ನಿಂದ ಅಕ್ಟೋಬರ್ ತನಕ ನೂರೆಂಬತ್ತು ದಿನ ಇದೇ ಜಾಲರಿಯನ್ನು ನಮ್ಮದೇ ಸಿಂಕಿನಲ್ಲಿಟ್ಟು ಪರೀಕ್ಷೆ ಮಾಡಿದ್ದೇನೆ. ದಿನಾ ತಿಂಡಿಯಾದ ಮೇಲೆ ಮುಚ್ಚಳ ಎತ್ತಿ ನೋಡಿ ಪುಸ್ತಕದಲ್ಲಿ 'ಸರಿ' ಅಂತ ದುಂಡು ಗುರುತು ಹಾಕಿದ್ದೇನೆ. ತಪ್ಪು ಗುರುತು ಒಂದೂ ಇಲ್ಲ. ಈಗ ಐದೇ ದಿನಕ್ಕೆ ಹೀಗಾಗಬೇಕಾದರೆ, ಹೋಗುವಾಗ ಹಳೆ ಎಣ್ಣೆಗಿಣ್ಣೆ ಸುರಿದು ಹೋದೆಯಾ? ನಿಜ ಹೇಳು. 'ನೂರೆಂಬತ್ತು ದಿನ ಕಟ್ಟಿಕೊಳ್ಳದ ಜಾಲರಿ' ಅಂತ ಡಬ್ಬಿಗಳ ಮೇಲೆ ಅಚ್ಚು ಹಾಕಿಸಿಯಾಗಿದೆ. ಮಾರ್ಚ್ ಮೊದಲ ವಾರ ಸಗಟು ವ್ಯಾಪಾರಿ ತಮಾಕಿಯವರಿಗೆ ಮಾಲು ಹೋಗಬೇಕು.

ಮುರಾಕಾಮಿಯಲ್ಲಿ ನಿನ್ನ ಮಿಯೊ ಅಕ್ಕನ ಮುರಿದ ಕಾಲು ಕೂಡಿಕೊಳ್ಳಲು ಇನ್ನೆಷ್ಟು ದಿನ? ಸಿಂಕಿಗೆ ಸುರಿಯುವ ಔಷಧಿ ಎಲ್ಲಿಟ್ಟಿದ್ದೀಯ?

ತೊಕುಜಿ


ಮುರಾಕಾಮಿ
30 ಅಕ್ಟೋಬರ್

ತೊಕುಜಿಯವರಿಗೆ,

ಮದುವೆಯಾಗಿ ಮೂವತ್ತನಾಲ್ಕು ವರ್ಷಕ್ಕೆ ನೀವು ನನಗೆ ಬರೆದ ಮೊದಲ ಕಾಗದ. ಅದೂ ಗಟಾರದ ವಿಷಯ. ಅಕ್ಕನಿಗೆ ಓದಿ ಹೇಳಿದೆ. "ಕಾಗದಾನೂ ನಾರ್ತಾ ಇದೆ ಕಣೇ, ಆಚೆ ಇಡು" ಅಂದಳು.

ಅಕ್ಕನ ಕಾಲಿಗೆ ಏನೂ ಆಗಿಲ್ಲ. ಈಗಷ್ಟೇ ಸಾಲ್ಮನ್ ಮೀನು ತರಲು ಹೊಳೆಯ ಕಡೆ ದಡದಡ ನಡೆದುಹೋದಳು. ಕಾಲು ಮುರಿದಿದೆ ಅಂತ ಹೇಳಿ ಬಂದವಳು ನಾನು, ಅಕ್ಕಪಕ್ಕದವರ ಮುಂದೆ ನಿಮ್ಮ ಮಾನ ಉಳಿಯಲಿ ಅಂತ.

ಹದಿನೆಂಟನೇ ತಾರೀಖು ತಮಾಕಿಯವರು ಕೊಟ್ಟ ಊಟದಲ್ಲಿ ನೀವು ಮೂರು ಬಟ್ಟಲು ಸಾಕೆ ಹೆಂಡ ಏರಿಸಿ ಎದ್ದು ನಿಂತಿರಿ. "ನನ್ನ ಜಾಲರಿ ಬಂದ್ಮೇಲೆ ಇವಳಿಗೆ ಕೆಲಸಾನೇ ಇಲ್ಲ ಕಣ್ರೀ! ಆರು ತಿಂಗಳಿಂದ ಸಿಂಕಿಗೆ ಕೈ ಹಾಕಿಲ್ಲ. ಕೂತು ತಿಂದು ದಪ್ಪ ಆಗ್ತಿದ್ದಾಳೆ ನೋಡಿ!" ಎಲ್ಲರೂ ನಕ್ಕರು. ಚಪ್ಪಾಳೆಯೂ ಬಿತ್ತು. ನಾನು ಎರಡು ಕೈಯನ್ನೂ ಮೇಜಿನ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಬ್ಲೀಚಿಂಗ್ ನೀರಿಗೆ ಬೆರಳ ಸಂದಿ ಬಿರಿದು ರಕ್ತ ಜಿನುಗುತ್ತಿತ್ತು, ಅದು ಅವರ ಬಿಳಿ ಮೇಜುಬಟ್ಟೆಗೆ ತಾಗಬಾರದಲ್ಲ.

ನಿಮ್ಮ ಜಾಲರಿ ಮೂರನೇ ದಿನವೇ ಕಟ್ಟಿಕೊಂಡಿತ್ತು ರೀ. ಏಪ್ರಿಲ್ ಇಪ್ಪತ್ತೆರಡನೇ ತಾರೀಖು. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಕೊಳೆನೀರು ನಿಂತಿತ್ತು. ಕೈ ತಾನಾಗಿ ಒಳಗೆ ಹೋಯಿತು. ಮದುವೆಯಾಗಿ ಆ ಮನೆಗೆ ಬಂದ ವಾರವೇ ನಿಮ್ಮ ಅಮ್ಮ ಹೇಳಿಕೊಟ್ಟಿದ್ದರು: "ಸಿಂಕಿನ ಹೊಲಸು ಗಂಡಸರ ಕಣ್ಣಿಗೆ ಬೀಳಬಾರದು ಕಣಮ್ಮ. ಅವರು ಏಳೋಕೆ ಮುಂಚೆ ಮುಗಿಸಿಬಿಡು." ಅವತ್ತಿನಿಂದ ಒಂದು ದಿನವೂ ತಪ್ಪಿಸಿದವಳಲ್ಲ. ಲೋಳೆ ಬಾಚಿ, ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ಒಂದೊಂದು ತೂತು ತಿಕ್ಕಿ, ಮುಚ್ಚಳ ಹಾಕಿ ಇಡುತ್ತಿದ್ದೆ. ಏಳು ಗಂಟೆಗೆ ನೀವು ಹಲ್ಲಿಗೆ ಕಡ್ಡಿ ಹಾಕಿಕೊಂಡು ಬಂದು ಮುಚ್ಚಳ ಎತ್ತಿ, "ಹ್ಞಾಂ, ಸ್ವಚ್ಛ!" ಅಂತ ಪುಸ್ತಕದಲ್ಲಿ ದುಂಡು ಗುರುತು ಹಾಕುತ್ತಿದ್ದಿರಿ. ನಾನು ಪಕ್ಕದಲ್ಲೇ ಪಾತ್ರೆ ಒರೆಸುತ್ತಿದ್ದೆ. ಮೊದಲ ವಾರ ಹೇಳಬೇಕು ಅಂದುಕೊಂಡೆ. ಆಮೇಲೆ, ಇವತ್ತಾದರೂ ಕೇಳುತ್ತಾರಾ ನೋಡೋಣ ಅಂತ ಕಾದೆ. ನೂರೆಂಬತ್ತು ದಿನವೂ ನೀವು ಕೇಳಲಿಲ್ಲ.

ಆ ಲೋಳೆಗೆ ನನಗೆ ಒಮ್ಮೆಯೂ ವಾಕರಿಕೆ ಬಂದಿರಲಿಲ್ಲ. ಅವತ್ತು ತಮಾಕಿಯವರ ಊಟದಲ್ಲಿ ನಿಮ್ಮ ಮಾತಿಗೆ ಬಂತು. ಆ ಸಿಂಕಿನ ಮುಂದೆ ಇನ್ನು ನಾನು ನಿಲ್ಲುವವಳಲ್ಲ. ಔಷಧಿ ಸಿಂಕಿನ ಕೆಳಗೇ ಇದೆ, ಬಗ್ಗಿ ನೋಡಿ.

ಫುಸಾ


ತ್ಸುಬಾಮೆ
6 ನವೆಂಬರ್

ಫುಸಾ,

ನಂಬುವುದಿಲ್ಲ. ನಿಜವೇ ಆಗಿದ್ದರೆ ನನ್ನ ಪರೀಕ್ಷೆ ಕೆಡಿಸಿದವಳು ನೀನು, ಅದೂ ನನ್ನ ಕಣ್ಣೆದುರಿಗೇ. ಅಮ್ಮ ಸತ್ತು ಹದಿನಾರು ವರ್ಷ, ಅವಳನ್ನು ಯಾಕೆ ಎಳೆದು ತರುತ್ತೀಯ?

ಪೈಪಿಗೆ ಔಷಧಿ ಸುರಿದು ಇವತ್ತು ಹೊಸ ಜಾಲರಿ ಹಾಕಿದ್ದೇನೆ. ಯಾರೂ ಮುಟ್ಟುವುದಿಲ್ಲ. ಮೂವತ್ತು ದಿನ ನೋಡು.

ತೊಕುಜಿ


ತ್ಸುಬಾಮೆ
16 ನವೆಂಬರ್

ಫುಸಾ,

ನಾಲ್ಕನೇ ದಿನ ಕಟ್ಟಿಕೊಂಡಿತು.

ಹಟ ಹಿಡಿದು ಹಾಗೇ ಬಿಟ್ಟೆ. ಮುಚ್ಚಳದ ಸೀಳುಗಳಿಂದ ಸಣ್ಣ ಸಣ್ಣ ನೊಣ ಹೊರಡುತ್ತಿವೆ. ನಾತ್ತೊ ತಿಂದ ಬಟ್ಟಲು ಹಾಗೇ ತೊಳೆದದ್ದು ತಪ್ಪಾಯಿತು. ಆ ಕೊಳೆತ ಸೋಯಾಕಾಳಿನ ಅಂಟು ನೂಲು ಮುಚ್ಚಳ ಎತ್ತಿದರೆ ಜೊತೆಗೇ ಎದ್ದು ಬರುತ್ತದೆ, ಮೊಳದುದ್ದ. ನಿನ್ನೆ ಕೈ ಹಾಕಿ ತೆಗೆಯಲು ಹೋದೆ. ಒಳಗೆ ಬೆಚ್ಚಗಿತ್ತು, ಫುಸಾ. ಹೊರಗೆ ಅಷ್ಟು ಚಳಿ, ಅದರ ಒಳಗೆ ಬೆಚ್ಚಗೆ! ಕೈ ಎಳೆದುಕೊಂಡೆ. ಅಂಗಳಕ್ಕೆ ಓಡಿ ವಾಂತಿ ಮಾಡಿದೆ. ಆಮೇಲೆ ಸೋಪು ಹಾಕಿ ನಾಲ್ಕು ಸಲ ತೊಳೆದರೂ ಬೆರಳ ತುದಿ ನಾರುತ್ತಲೇ ಇತ್ತು.

ನೀನು ಬರೆದದ್ದು ನಿಜ ಅಂತ ಗೊತ್ತಾಯಿತು. ಸರಿ, ಅದು ಆಯಿತು. ಈಗ ತೊಂದರೆ ಬೇರೆಯದು. ಡಿಸೆಂಬರ್ ಒಂದಕ್ಕೆ ತಮಾಕಿಯವರು ಟೋಕಿಯೊದ ದೊಡ್ಡ ಅಂಗಡಿಯ ಖರೀದಿಯವರನ್ನು ಕರೆದುಕೊಂಡು ನಮ್ಮ ಮನೆಗೇ ಬರುತ್ತಾರೆ, ಪರೀಕ್ಷೆ ಮಾಡಿದ ಸಿಂಕನ್ನು ಕಣ್ಣಾರೆ ನೋಡಲು. ನಾನು ಮಾತು ಕೊಟ್ಟುಬಿಟ್ಟಿದ್ದೇನೆ. ನೀನು ಎರಡೇ ದಿನದ ಮಟ್ಟಿಗೆ ಬಂದು ತಿಕ್ಕಿಕೊಟ್ಟು ಹೋಗು. ಬೇರೇನೂ ಕೇಳುವುದಿಲ್ಲ. ಬೇಕಾದರೆ ನಾನು ಕಾರ್ಖಾನೆಯಲ್ಲೇ ಮಲಗುತ್ತೇನೆ.

ತೊಕುಜಿ


ಮುರಾಕಾಮಿ
20 ನವೆಂಬರ್

ತಿಕ್ಕಿಕೊಟ್ಟು ಹೋಗಬೇಕಂತೆ! ಥೂ ನಿಮ್ಮ. ಅಕ್ಕ ಕಾಗದ ಕಿತ್ತುಕೊಂಡು ಒಲೆಗೆ ಹಾಕಿದಳು, ನಾನು ತಡೆಯಲಿಲ್ಲ.

ಲಕೋಟೆಯಲ್ಲಿ ನನ್ನ ಬ್ರಷ್ಷು ಇದೆ. ಹೊರಡುವ ದಿನ ಯಾಕೋ ಚೀಲಕ್ಕೆ ಹಾಕಿಕೊಂಡಿದ್ದೆ. ಆರು ತಿಂಗಳು ನಿಮ್ಮ ಜಾಲರಿಯನ್ನು ನಡೆಸಿದ್ದು ಇದೇ. ಅದರ ಎಳೆಗಳನ್ನು ನೋಡಿ. ಅಚ್ಚು ನೋಡುತ್ತೀರಲ್ಲ, ಆ ಭೂತಗನ್ನಡಿ ಇಟ್ಟುಕೊಂಡು ನೋಡಿ.

ಫುಸಾ


ತ್ಸುಬಾಮೆ
4 ಡಿಸೆಂಬರ್

ಫುಸಾ,

ಭೂತಗನ್ನಡಿಯಲ್ಲಿ ನೋಡಿದೆ. ಎಳೆಗಳು ಸವೆದಿಲ್ಲ, ಹರಿದಿವೆ. ಜಾಲರಿಯನ್ನು ಬೋರಲು ಹಾಕಿ ನೋಡಿದೆ. ತೂತು ಹೊಡೆದಾಗ ಕೆಳಗಿನ ಅಂಚಿನಲ್ಲಿ ಉಳಿಯುವ ಮುಳ್ಳು ಹಾಗೇ ಇತ್ತು, ಪ್ರತಿ ತೂತಿಗೂ. ಒಂದೊಂದು ಮುಳ್ಳಿಗೂ ಲೋಳೆ ನೇತುಬಿದ್ದಿತ್ತು. ಊರಿಗೆ ಊರೇ ಪಾಲಿಶ್ ಮಾಡಿ ಬದುಕುವ ಜನ ನಾವು. ಆದರೆ ಪಾಲಿಶ್ ಹಿಡಿಸುವುದು ಮೇಲಿನ ಮೈಗೆ, ಅಂಗಡಿಯಲ್ಲಿ ಗಿರಾಕಿ ನೋಡುವ ಮೈಗೆ. ನನ್ನ ಅಪ್ಪನೂ ಹಾಗೇ ಮಾಡಿದ. ಅಡಿಯ ಮೈಯನ್ನು ಮುಟ್ಟುವವರು ಯಾರು ಅಂತ ನಾವ್ಯಾರೂ ಯೋಚಿಸಿದವರಲ್ಲ. ಅಲ್ಲೇ ನನ್ನ ಹೆಬ್ಬೆರಳು ಕೊಯ್ದುಕೊಂಡಿತು. ನಿನ್ನದು ಎಷ್ಟು ಸಲ ಕೊಯ್ದಿತ್ತೋ ಗೊತ್ತಿಲ್ಲ.

ಒಂದನೇ ತಾರೀಖು ಬೆಳಿಗ್ಗೆ ನಿನ್ನ ಬ್ರಷ್ಷು ಹಿಡಿದು ನಾನೇ ತಿಕ್ಕಲು ನಿಂತೆ. ಅರ್ಧಕ್ಕೇ ಬ್ರಷ್ಷು ಕೆಳಗಿಟ್ಟೆ. ಮುಚ್ಚಳ ಹಾಕಿ, ಸುತ್ತ ಒರೆಸಿ, ಊದುಬತ್ತಿ ಹಚ್ಚಿಟ್ಟೆ. ಹತ್ತಕ್ಕೆ ಅವರು ಬಂದರು. ಖರೀದಿಯವರು ಅಂದರೆ ಸೆರಿಝಾವಾ ಅಂತ ನಲವತ್ತರ ಹೆಂಗಸು. ತಮಾಕಿಯವರು, "ನೂರೆಂಬತ್ತು ದಿನ ಯಾರೂ ಕೈ ಹಾಕಿಲ್ಲ ಮೇಡಂ, ಇವರ ಮನೆಯವರಂತೂ ಆರಾಮು!" ಅಂತ ಶುರು ಮಾಡಿದರು. ಆಕೆ ನಗಲಿಲ್ಲ. ಮೂಗು ಅರಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಅವರೆಲ್ಲಿ? ಒಂದು ಮಾತು ಕೇಳಬೇಕಿತ್ತು" ಅಂದರು.

ಅಕ್ಕನ ಕಾಲು ಮುರಿದಿದೆ ಅನ್ನಲು ಬಾಯಿ ತೆಗೆದೆ. ಆದರೆ ಕೈ ಚಾಚಿ ಮುಚ್ಚಳ ಎತ್ತಿಬಿಟ್ಟೆ.

ತಮಾಕಿಯವರು ಕರವಸ್ತ್ರ ಒತ್ತಿಕೊಂಡು ಅಂಗಳಕ್ಕೆ ಹೋದವರು ಅಲ್ಲಿ ಓಕರಿಸುವುದು ಒಳಗೆ ಕೇಳುತ್ತಿತ್ತು. ಸೆರಿಝಾವಾ ಬಗ್ಗಿ ನೋಡಿ, "ನಮ್ಮಮ್ಮನ ಮನೇಲೂ ಹೀಗೇ. ಹಾಗಾದ್ರೆ ಆ ನೂರೆಂಬತ್ತು ದಿನ?" ಅಂದರು. "ನನ್ನ ಹೆಂಡತಿ ದಿನಾ ಬೆಳಿಗ್ಗೆ ಐದಕ್ಕೆ ತೊಳೀತಿದ್ಲು. ನಾನು ಏಳಕ್ಕೆ ಬಂದು ಗುರುತು ಹಾಕ್ತಿದ್ದೆ" ಅಂದೆ. ಆಕೆ ನನ್ನನ್ನು ನೋಡಿದ ನೋಟ ಇದೆಯಲ್ಲ, ನಾನು ಆ ಜಾಲರಿಯನ್ನು ನೋಡಿದ್ದೂ ಅದೇ ನೋಟದಿಂದ.

ಅಚ್ಚು ಹಾಕಿಸಿದ ಡಬ್ಬಿಗಳೆಲ್ಲ ರದ್ದಿಗೆ ಹೋದವು. ತಮಾಕಿಯವರು ಇನ್ನು ನನ್ನ ಮುಖ ನೋಡುವುದಿಲ್ಲ ಅಂತ ಹೇಳಿ ಕಳಿಸಿದ್ದಾರೆ. ಸೆರಿಝಾವಾ ಮಾತ್ರ, "ನಿಜವಾದದ್ದು ಮಾಡಿದ್ರೆ ತೋರಿಸಿ" ಅಂದು ಹೋದರು.

ಬಾ ಅಂತ ಕೇಳುತ್ತಿಲ್ಲ. ಒಂದೇ ಒಂದು ಕೇಳುತ್ತೇನೆ. ಜಾಲರಿಯನ್ನು ಮನೆಗೆ ತರುವ ಮುಂಚೆ ಕಾರ್ಖಾನೆಯಲ್ಲಿ ನಾನು ಪರೀಕ್ಷೆ ಮಾಡುತ್ತಿದ್ದದ್ದು ಒಣ ಅಕ್ಕಿ, ಶುದ್ಧ ನೀರಿನಲ್ಲಿ. ನಿಜವಾಗಿ ಕಟ್ಟಿಕೊಳ್ಳುವುದು ಏನು, ಎಲ್ಲಿ, ಹೇಗೆ? ನಿನ್ನ ಕೈಗೆ ಗೊತ್ತಿರುವುದನ್ನು ಬರೆದು ತಿಳಿಸುತ್ತೀಯಾ?

ತೊಕುಜಿ


ಮುರಾಕಾಮಿ
15 ಡಿಸೆಂಬರ್

ತೊಕುಜಿಯವರಿಗೆ,

ಇಲ್ಲಿ ಸೂರಿನಡಿ ಸಾಲ್ಮನ್‌ಗಳು ತಲೆಕೆಳಗಾಗಿ ನೇತಾಡುತ್ತಿವೆ. ಹಗಲೆಲ್ಲ ಮೀನು ಕೊಯ್ದು ಮೈಯೆಲ್ಲ ಮೀನಿನ ವಾಸನೆ. ನಿಮ್ಮ ಕಾಗದವನ್ನು ಈ ಸಲ ಅಕ್ಕನಿಗೆ ಓದಿ ಹೇಳಲಿಲ್ಲ.

ಕೇಳಿದ್ದೀರಿ, ಅದಕ್ಕೆ ಬರೆಯುತ್ತೇನೆ. ಅಕ್ಕಿಯಿಂದ ಯಾವ ಸಿಂಕೂ ಕಟ್ಟಿಕೊಳ್ಳುವುದಿಲ್ಲ. ಕಟ್ಟಿಕೊಳ್ಳುವುದು ಚಪ್ಪಟೆಯಾಗಿರುವ ವಸ್ತುಗಳಿಂದ. ಮೀನಿನ ಹುರುಪೆ, ಈರುಳ್ಳಿಯ ಒಳಸಿಪ್ಪೆ, ಮಿಸೊ ಸಾರಿನ ಕಡಲಪಾಚಿ. ಅವು ತೂತಿನ ಮೇಲೆ ಅಂಗಾತ ಮಲಗಿಬಿಡುತ್ತವೆ. ನಿಮ್ಮ ಜಾಲರಿ ನುಣ್ಣಗೆ ಸಮತಟ್ಟಾಗಿದೆಯಲ್ಲ, ಮಲಗುವುದಕ್ಕೆ ಅದಕ್ಕಿಂತ ಒಳ್ಳೆ ಜಾಗ ಬೇಕೆ? ಅದರ ಮೇಲೆ ಕೊಬ್ಬು ಕೂತರೆ ಮುಗಿಯಿತು, ಗಾರೆ ಮೆತ್ತಿದ ಹಾಗೆ. ಜಾಲರಿಯ ಗೋಡೆಯ ಸುತ್ತ ಅಷ್ಟೊಂದು ತೂತು ಯಾಕೆ ಹೊಡೆದಿದ್ದೀರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಲ್ಲಿಂದ ನೀರೇ ಹೋಗುವುದಿಲ್ಲ, ಬರೀ ಲೋಳೆ ಬೆಳೆಯುತ್ತದೆ. ಆಳ ಬೇರೆ ಅಷ್ಟು. ಆಳ ಇದ್ದರೆ ಜನ ತುಂಬುತ್ತಲೇ ಹೋಗುತ್ತಾರೆ, ನಾಳೆ ತೆಗೆದರಾಯಿತು ಅಂತ. ಒಳಗಿನ ಮೂಲೆಗೆ ಬೆರಳು ಮುಟ್ಟುವುದಿಲ್ಲ, ಉಗುರಿನಲ್ಲಿ ಕೆರೆಯಬೇಕು. ಆ ಲೋಳೆ ಉಗುರಿನೊಳಗೆ ಹೋದರೆ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅಲ್ಲೇ ಇರುತ್ತದೆ. ಅದೇ ಕೈಯಲ್ಲಿ ನಿಮಗೆ ಅನ್ನದ ಉಂಡೆ ಕಟ್ಟಿಕೊಟ್ಟಿದ್ದೇನೆ, ತಿಳಿದಿರಲಿ.

ಎಲ್ಲಕ್ಕಿಂತ ಮೊದಲು ಆ ರಬ್ಬರ್ ಮುಚ್ಚಳ ಬಿಸಾಕಿ. ಅದು ಇರುವುದೇ ಹೊಲಸು ಕಾಣದಿರಲಿ ಅಂತ. ಕತ್ತಲೆ, ಒದ್ದೆ, ಬೆಚ್ಚಗೆ. ಅದರೊಳಗೆ ಏನು ತಾನೇ ಕೊಳೆಯುವುದಿಲ್ಲ? ಮುಚ್ಚಿಟ್ಟುಕೊಂಡು ಬಂದದ್ದರಲ್ಲಿ ನನ್ನ ಪಾಲೂ ಇದೆ. ಏಪ್ರಿಲ್ ಇಪ್ಪತ್ತೆರಡನೇ ತಾರೀಖು ನಾನು ನಿಮ್ಮನ್ನು ಎಬ್ಬಿಸಿ ತೋರಿಸಬೇಕಿತ್ತು. ಅದಕ್ಕೆ ನನ್ನ ಮೇಲೂ ನನಗೆ ಹೇಸಿಗೆ ಇದೆ.

ಹೊಸ ವರ್ಷಕ್ಕೆ ಬರುವುದಿಲ್ಲ.

ಫುಸಾ


ತ್ಸುಬಾಮೆ
29 ಜನವರಿ 1997

ಫುಸಾ,

ಪೊಟ್ಟಣದಲ್ಲಿರುವುದು ಹೊಸದಾಗಿ ಮಾಡಿದ ಒಂಬತ್ತನೆಯ ಜಾಲರಿ. ಎಂಟು ಕೆಟ್ಟವು. ತಟ್ಟೆಯ ಹಾಗೆ ಆಳವಿಲ್ಲದೆ ಮಾಡಿದ್ದೇನೆ, ಬಿದ್ದದ್ದು ಅಡಗಿ ಕೂರುವುದಿಲ್ಲ. ಗೋಡೆಗೆ ತೂತಿಲ್ಲ, ಮೂಲೆಯೂ ಇಲ್ಲ. ಮುಚ್ಚಳ ಇಲ್ಲ. ತೂತು ತೂತಿನ ನಡುವೆ ಸಣ್ಣ ಉಬ್ಬು ಎಬ್ಬಿಸಿದ್ದೇನೆ, ಹುರುಪೆ ಮಲಗದಿರಲಿ ಅಂತ. ಅಡಿಯ ಮೈಗೆ ಮೊದಲು ಪಾಲಿಶ್ ಹಿಡಿಸಿ ಆಮೇಲೆ ಮೇಲಿನದಕ್ಕೆ ಹಿಡಿಸಿದೆ. ಪಕ್ಕದ ಪಾಲಿಶ್‌ನವನು, "ಏನ್ರೀ ತೊಕುಜಿ, ಕೆಳಗೆ ಮುಖ ನೋಡ್ಕೊಳ್ಳೋರು ಯಾರು?" ಅಂತ ನಗಾಡಿದ. "ಬೆರಳು" ಅಂದೆ. ಅವನಿಗೆ ತಿಳಿಯಲಿಲ್ಲ.

ಮಿಯೊ ಅಕ್ಕನ ಸಿಂಕಿಗೆ ಹಾಕು. ಒಂದು ಕೋರಿಕೆ: ದಯವಿಟ್ಟು ತೊಳೆಯಬೇಡ. ಎಷ್ಟು ಅಸಹ್ಯವಾದರೂ ಕೈ ಹಾಕಬೇಡ. ಕಟ್ಟಿಕೊಂಡ ದಿನ ಹೇಗಿದೆಯೋ ಹಾಗೇ ಕಳಿಸು.

ತೊಕುಜಿ


ಮುರಾಕಾಮಿ
23 ಫೆಬ್ರವರಿ

ತೊಕುಜಿಯವರಿಗೆ,

ಹತ್ತೊಂಬತ್ತನೇ ದಿನ ಕಟ್ಟಿಕೊಂಡಿತು. ಕೇಳಿದ ಹಾಗೇ ಕಳಿಸುತ್ತಿದ್ದೇನೆ, ಮೂರು ಪ್ಲಾಸ್ಟಿಕ್ ಚೀಲ ಸುತ್ತಿ. ಅಂಚೆಯವನು, "ಇದೇನಮ್ಮ, ಉಪ್ಪಿನಕಾಯಿನಾ?" ಅಂದ. ಹೌದು ಅಂದೆ.

ದಿನಾ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತಿತ್ತು. ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದೆ. ಕೈ ತುರಿಸುತ್ತಿತ್ತು. ಎರಡು ಕೈಯನ್ನೂ ಕಂಕುಳಲ್ಲಿ ಒತ್ತಿಕೊಂಡು ವಾಪಸು ಹೋಗಿ ಮಲಗುತ್ತಿದ್ದೆ. ತೊಳೆಯುವುದಕ್ಕಿಂತ ತೊಳೆಯದೆ ಇರುವುದೇ ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಹದಿನೈದನೇ ದಿನದಿಂದ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. "ಗಂಡ ಹೆಂಡ್ತಿ ಸೇರ್ಕೊಂಡು ನನ್ನ ಮನೆ ನಾರಿಸ್ತಾ ಇದ್ದೀರಲ್ಲೇ!" ಅಂದದ್ದೇ ಕೊನೆ.

ಈ ಸಲ ಡಬ್ಬಿಯ ಮೇಲೆ ಏನು ಅಚ್ಚು ಹಾಕಿಸುತ್ತೀರಿ?

ಫುಸಾ


ತ್ಸುಬಾಮೆ
3 ಮಾರ್ಚ್

ಫುಸಾ,

ಪೊಟ್ಟಣ ಬಿಚ್ಚಿದಾಗ ಕಾರ್ಖಾನೆ ಪೂರ್ತಿ ಬೀದಿಗೆ ಓಡಿತು. ನಾನೊಬ್ಬನೇ ಉಳಿದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿಲ್ಲ. ಬೋರಲು ಹಾಕಿ ಬಕೆಟ್ಟಿನ ಅಂಚಿಗೆ ಒಂದು ಸಲ ಬಡಿದೆ. ಹತ್ತೊಂಬತ್ತು ದಿನದ ಹೊಲಸು ಬಿಲ್ಲೆಯ ಹಾಗೆ ಇಡಿಯಾಗಿ ಬಿತ್ತು. ಉಳಿದದ್ದು ಮೂರು ಹುರುಪೆ. ಬೆರಳು ತಾಗಿಸಬೇಕಾಗಲಿಲ್ಲ. ವಾಸನೆಗೆ ಕಣ್ಣಲ್ಲಿ ನೀರು ಬಂತು. ವಾಸನೆಗೇ ಅಂತ ಇಟ್ಟುಕೋ.

ಸೆರಿಝಾವಾ ಸ್ವಲ್ಪ ಮಾಲು ತೆಗೆದುಕೊಳ್ಳುತ್ತಾರೆ. ಡಬ್ಬಿಯ ಮೇಲೆ ಹೀಗೆ ಹಾಕಿಸಿದ್ದೇನೆ: 'ಇದೂ ಕಟ್ಟಿಕೊಳ್ಳುತ್ತದೆ, ಆದರೆ ನಿಧಾನವಾಗಿ. ದಿನಕ್ಕೊಮ್ಮೆ ಬೋರಲು ಹಾಕಿ ಬಡಿಯಿರಿ.' ಆಕೆ ಓದಿ ಬಿದ್ದು ಬಿದ್ದು ನಕ್ಕರು, ಆದರೆ ಬದಲಾಯಿಸಬೇಡಿ ಅಂದರು.

ತೊಕುಜಿ


ಮುರಾಕಾಮಿ
8 ಮಾರ್ಚ್
(ಕಾರ್ಡು)

ಬಡಿಯುವವರು ಯಾರು ಅಂತ ಡಬ್ಬಿಯ ಮೇಲೆ ಬರೆದಿಲ್ಲವಲ್ಲ?

ಫುಸಾ


ತ್ಸುಬಾಮೆ
12 ಏಪ್ರಿಲ್

ಫುಸಾ,

ನಿನ್ನ ಕಾರ್ಡು ಬಂದ ದಿನದಿಂದ ಬರೆದಿಟ್ಟ ಪುಸ್ತಕ ಕಳಿಸುತ್ತಿದ್ದೇನೆ. ಹೇಳುವುದೆಲ್ಲ ಅದರಲ್ಲೇ ಇದೆ.

ತೊಕುಜಿ


ಮುರಾಕಾಮಿ
17 ಏಪ್ರಿಲ್

ತೊಕುಜಿಯವರಿಗೆ,

ಪುಸ್ತಕ ನೋಡಿದೆ. ಅಕ್ಕನೂ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ನೋಡಿದಳು. ಮಾರ್ಚ್ ಹನ್ನೊಂದನೇ ತಾರೀಖಿನಿಂದ ದಿನಾ ಬೆಳಿಗ್ಗೆ ಐದು ಗಂಟೆ, 'ಬಡಿದೆ', ಒಂದು ದುಂಡು ಗುರುತು. ಇಪ್ಪತ್ತಮೂರಕ್ಕೆ ತಪ್ಪು ಗುರುತು. 'ಮರೆತೆ. ನಾರಿತು.' ಏಪ್ರಿಲ್ ಎರಡಕ್ಕೆ ಇನ್ನೊಂದು. 'ಬೇಸರವಾಯಿತು, ಮಾಡಲಿಲ್ಲ. ಇವಳು ಮೂವತ್ತನಾಲ್ಕು ವರ್ಷ ಹೇಗೆ ಮಾಡಿದಳೋ.'

ಬರೀ ದುಂಡು ಗುರುತುಗಳೇ ಇದ್ದಿದ್ದರೆ ಪುಸ್ತಕವನ್ನು ಒಲೆಗೆ ಹಾಕುತ್ತಿದ್ದೆ. ಅಂಥ ಪುಸ್ತಕ ಹೇಗೆ ತಯಾರಾಗುತ್ತದೆ ಅಂತ ನನಗೆ ಗೊತ್ತು. ಆ ಎರಡು ತಪ್ಪು ಗುರುತು ನೋಡಿ ಉಳಿದದ್ದನ್ನೂ ನಂಬಿದೆ.

ಶನಿವಾರ ಮಧ್ಯಾಹ್ನದ ಗಾಡಿಗೆ ಬರುತ್ತೇನೆ. ಅವತ್ತು ಬೆಳಿಗ್ಗೆ ಸಿಂಕು ತೊಳೆಯಬೇಡಿ. ನಾನು ಬರುತ್ತೇನೆ ಅಂತ ಏನನ್ನೂ ಒರೆಸಬೇಡಿ, ಊದುಬತ್ತಿ ಹಚ್ಚಬೇಡಿ. ಹೇಗಿದೆಯೋ ಹಾಗೇ ಇರಲಿ, ಎಷ್ಟು ಹೇಸಿಗೆಯಾಗಿದ್ದರೂ ಸರಿ. ಮೊದಲು ಇಬ್ಬರೂ ನಿಂತು ನೋಡೋಣ. ಆಮೇಲೆ ನೀವು ತೊಳೆಯಿರಿ. ನಾನು ಕೂತು ಟೀ ಕುಡಿಯುತ್ತೇನೆ.

ಫುಸಾ